ಎಲ್ಲಕ್ಕೂ ಕಿಡ್ನಿಯೇ ಕಾರಣವಲ್ಲ: ಡಯಾಲಿಸಿಸ್ ಘಟಕಗಳಿಗೆ ಒಂದು ಬಹಿರಂಗ ಪತ್ರ

ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕಗಳಲ್ಲಿ ದುಡಿಯುತ್ತಿರುವ ಡ್ಯೂಟಿ ಡಾಕ್ಟರುಗಳೇ, ನರ್ಸುಗಳೇ, ಟೆಕ್ನಿಷಿಯನ್ನರೇ,

ಕಿಡ್ನಿ ರೋಗಿಯ ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೊಟೀನ್) ವರದಿ ಬಂದಾಗ ವಾರ್ಡುಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಜಾಸ್ತಿ ಇದೆ, ಆಂಟಿಬಯೋಟಿಕ್ ಶುರು ಮಾಡಿ." ಇನ್ನೊಂದು, "ಕಿಡ್ನಿ ಪೇಷೆಂಟ್ ಅಲ್ವಾ, ಇವರಿಗೆ ಯಾವಾಗಲೂ ಜಾಸ್ತಿನೇ ಇರುತ್ತೆ, ಬಿಡಿ." ಈ ಎರಡು ಮಾತುಗಳ ನಡುವೆ ಇರುವ ಜಾಗದ ಬಗ್ಗೆ ಈ ಪತ್ರ.

ಮೊದಲ ಮಾತಿನಿಂದ ರೋಗಿಗೆ ಬೇಡದ ಔಷಧ ಬೀಳುತ್ತದೆ. ಅಮಿಕಾಸಿನ್‌ನಂಥ ಔಷಧ, ಇನ್ನೂ ಅಷ್ಟಿಷ್ಟು ಬರುತ್ತಿರುವ ಮೂತ್ರವನ್ನೂ ಕಿವಿಯ ಕೇಳುವ ಶಕ್ತಿಯನ್ನೂ ಕಸಿಯಬಲ್ಲದು. ಸೆಫಿಪೈಮ್ ಪ್ರಮಾಣವನ್ನು ಕಿಡ್ನಿಯ ಶಕ್ತಿಗೆ ತಕ್ಕಂತೆ ಇಳಿಸದೆ ಕೊಟ್ಟರೆ ರೋಗಿ ಎರಡು ಮೂರು ದಿನಗಳಲ್ಲಿ ಏನೇನೋ ಬಡಬಡಿಸತೊಡಗಬಹುದು, ಕೈಕಾಲು ತಾನಾಗಿ ಅದುರಬಹುದು. ಎರಡನೆಯ ಮಾತಿನ ಪರಿಣಾಮ ಇದಕ್ಕಿಂತ ಕೆಟ್ಟದ್ದು. ಕುತ್ತಿಗೆಯ ಕ್ಯಾಥೆಟರಿನಿಂದ ರಕ್ತಕ್ಕೆ ಇಳಿದ ಸ್ಟ್ಯಾಫೈಲೊಕಾಕಸ್ ಸೋಂಕು ಎರಡು ಡಯಾಲಿಸಿಸ್‌ಗಳ ನಡುವಿನ ಅವಧಿಯಲ್ಲಿ ಹೃದಯದ ಕವಾಟಕ್ಕೋ ಬೆನ್ನುಮೂಳೆಗೋ ಹೋಗಿ ಕೂರುತ್ತದೆ. ಆ ಹೊತ್ತಿಗೆ ವರದಿ ಫೈಲಿನೊಳಗೆ ಸೇರಿ, ಯಾರೂ ಅದನ್ನು ಎರಡನೇ ಸಲ ನೋಡಿರುವುದಿಲ್ಲ.

ಎರಡು ಮಾತಿನಲ್ಲೂ ಇರುವ ತಪ್ಪು ಒಂದೇ. ಲ್ಯಾಬಿನವರು ಪಕ್ಕದಲ್ಲಿ ಅಚ್ಚು ಹಾಕಿದ ನಾರ್ಮಲ್ ಮಿತಿಯೊಂದಿಗೆ ಸಂಖ್ಯೆಯನ್ನು ಹೋಲಿಸಲಾಗುತ್ತದೆ. ಆ ರೋಗಿ ಕಳೆದ ತಿಂಗಳು ಹುಷಾರಾಗಿದ್ದಾಗ ಎಷ್ಟಿತ್ತು ಎಂಬುದರೊಂದಿಗೆ ಹೋಲಿಸುವುದಿಲ್ಲ. ಆ ಹಳೆಯ ಸಂಖ್ಯೆ ಬಹಳಷ್ಟು ಘಟಕಗಳಲ್ಲಿ ಇರುವುದೇ ಇಲ್ಲ, ಏಕೆಂದರೆ ಹುಷಾರಾಗಿರುವವರಿಗೆ ಯಾರೂ ಸಿಆರ್‌ಪಿ ಬರೆಯುವುದಿಲ್ಲ.

ಸಿಆರ್‌ಪಿಯ ಕಥೆ 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಶುರುವಾಗುತ್ತದೆ. ನ್ಯುಮೋನಿಯಾ ರೋಗಿಗಳ ರಕ್ತದ ಸೀರಮ್ಮಿನಲ್ಲಿ ನ್ಯುಮೊಕಾಕಸ್ ರೋಗಾಣುವಿನ 'ಸಿ' ಎಂಬ ಅಂಶಕ್ಕೆ ಅಂಟಿಕೊಳ್ಳುವ ವಸ್ತುವೊಂದು ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಅವರ ಕಣ್ಣಿಗೆ ಬಿತ್ತು. ರೋಗಿ ಚೇತರಿಸಿಕೊಂಡ ಮೇಲೆ ಅದು ಮಾಯವಾಗುತ್ತಿತ್ತು. ಹೆಸರಿನಲ್ಲಿರುವ 'ಸಿ' ಆಗಿನಿಂದ ಉಳಿದದ್ದು. ಇದು ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗುತ್ತದೆ. ತಯಾರಿಸು ಎಂದು ಆಜ್ಞೆ ಕೊಡುವುದು ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ. ಉರಿಯೂತ ಶುರುವಾದ ಆರು ಗಂಟೆಯ ಆಸುಪಾಸಿನಲ್ಲಿ ಏರತೊಡಗಿ, ಸುಮಾರು ಎರಡು ದಿನಗಳಲ್ಲಿ ತುದಿ ಮುಟ್ಟುತ್ತದೆ.

ಕಿಡ್ನಿ ರೋಗಿಯ ಮಟ್ಟಿಗೆ ಇಲ್ಲೊಂದು ನಿರ್ಣಾಯಕ ಸಂಗತಿಯಿದೆ. ರಕ್ತದಲ್ಲಿ ಯಾವುದೇ ವಸ್ತು ಹೆಚ್ಚಾಗುವುದಕ್ಕೆ ದಾರಿ ಎರಡು: ತೊಟ್ಟಿಗೆ ನಲ್ಲಿಯಿಂದ ನೀರು ಜೋರಾಗಿ ಬೀಳುತ್ತಿರಬೇಕು, ಇಲ್ಲವೇ ತೂಬು ಕಟ್ಟಿಕೊಂಡಿರಬೇಕು. ಕ್ರಿಯಾಟಿನಿನ್ ಏರುವುದು ತೂಬು ಕಟ್ಟಿದ್ದರಿಂದ. ಸಿಆರ್‌ಪಿ ಹಾಗಲ್ಲ. ಐದು ತುಣುಕು ಸೇರಿ ಆದ ಈ ಪ್ರೊಟೀನಿನ ತೂಕ ಸುಮಾರು 1,15,000 ಡಾಲ್ಟನ್, ಆಲ್ಬುಮಿನ್‌ಗಿಂತಲೂ ದೊಡ್ಡದು. ಆರೋಗ್ಯವಂತ ಕಿಡ್ನಿಯ ಜರಡಿಯಿಂದಲೂ ಅದು ಇಳಿಯುವುದಿಲ್ಲ. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 19 ಗಂಟೆ, ಕಾಯಿಲೆಯಿರಲಿ ಇಲ್ಲದಿರಲಿ ಅದು ಹೆಚ್ಚುಕಡಿಮೆ ಬದಲಾಗುವುದಿಲ್ಲ. ಅಂದರೆ ಸಿಆರ್‌ಪಿ ಹೆಚ್ಚಾಗಿದ್ದರೆ ಅದು ಹೊರಹೋಗದೆ ಉಳಿದದ್ದಲ್ಲ. ಎಲ್ಲೋ ಉರಿಯೂತವಿದೆ, ಯಕೃತ್ತು ಅದನ್ನು ತಯಾರಿಸುತ್ತಿದೆ.

ಹಾಗಾದರೆ ಡಯಾಲಿಸಿಸ್ ರೋಗಿಗಳಲ್ಲಿ ಸುಮ್ಮಸುಮ್ಮನೆ ಹೆಚ್ಚಿರುತ್ತದೆ ಎಂಬ ಮಾತು ಎಲ್ಲಿಂದ ಬಂತು? ಅದಕ್ಕೆ ಆಧಾರವಿದೆ. 1999ರಲ್ಲಿ ಜರ್ಮನಿಯ ವೈದ್ಯರು 280 ಹಿಮೊಡಯಾಲಿಸಿಸ್ ರೋಗಿಗಳನ್ನು ಪರೀಕ್ಷಿಸಿದಾಗ, ಕಣ್ಣಿಗೆ ಕಾಣುವ ಸೋಂಕಿಲ್ಲದಿದ್ದರೂ ಅರ್ಧಕ್ಕೆ ಹತ್ತಿರ ಮಂದಿಯಲ್ಲಿ ಸಿಆರ್‌ಪಿ ಏರಿತ್ತು. ಅದೇ ಅಧ್ಯಯನದ ಮುಂದಿನ ಭಾಗವನ್ನು ಮಾತ್ರ ಅನೇಕರು ನೆನಪಿಡುವುದಿಲ್ಲ: ಯಾರಲ್ಲಿ ಏರಿತ್ತೋ ಅವರು ಮುಂದಿನ ಎರಡು ವರ್ಷಗಳಲ್ಲಿ ಹೃದಯದ ಕಾಯಿಲೆಯಿಂದ ಸಾಯುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚಾಗಿತ್ತು. ಸಾಮಾನ್ಯವಾಗಿ ಕಾಣುವುದೆಲ್ಲ ನಿರುಪದ್ರವಿ ಎಂದಲ್ಲ. ಡಾಪ್ಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಜಪಾನಿನ ಡಯಾಲಿಸಿಸ್ ರೋಗಿಗಳ ಸಿಆರ್‌ಪಿ ಯೂರೋಪಿನವರಿಗಿಂತ ಎಷ್ಟೋ ಕಡಿಮೆ ಎಂದು ಕಂಡುಬಂತು. ಅವರ ಕಿಡ್ನಿಯೂ ಇಷ್ಟೇ ಸೋತಿರುತ್ತದೆ. ಅಲ್ಲಿ ಕ್ಯಾಥೆಟರಿಗಿಂತ ಫಿಸ್ಟುಲಾ ಬಳಕೆ ಬಹಳ ಹೆಚ್ಚು, ಡಯಾಲಿಸಿಸ್ ದ್ರಾವಣದ ಶುದ್ಧತೆಯ ಮೇಲೆ ಕಟ್ಟುನಿಟ್ಟಿನ ನಿಗಾ ಇದೆ. ಜನಾಂಗ, ಆಹಾರ, ಬೊಜ್ಜು ಇಂಥ ಬೇರೆ ಕಾರಣಗಳೂ ಇರಬಹುದು. ಆದರೂ ಒಂದು ಮಾತಂತೂ ಗಟ್ಟಿ: ಸೋತ ಕಿಡ್ನಿಯೊಂದೇ ಎಲ್ಲವನ್ನೂ ವಿವರಿಸುವುದಿಲ್ಲ.

ಕಿಡ್ನಿ ನಿಧಾನವಾಗಿ ಸೋಲುತ್ತಾ ಹೋದಂತೆ ದೇಹದಲ್ಲಿ ಸಣ್ಣಮಟ್ಟದ ಉರಿಯೂತ ನೆಲೆಯೂರುವುದು ನಿಜ. ಇಂಟರ್‌ಲ್ಯೂಕಿನ್-6 ಚಿಕ್ಕ ಅಣು. ಅದರ ತೂಬು ಮಾತ್ರ ಭಾಗಶಃ ಕಟ್ಟಿಕೊಳ್ಳುತ್ತದೆ. ಕರುಳಿನ ಗೋಡೆ ಸಡಿಲವಾಗಿ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೋರುತ್ತವೆ. ರಕ್ತ ಆಮ್ಲೀಯವಾಗುತ್ತದೆ, ದೇಹದಲ್ಲಿ ನೀರು ತುಂಬಿರುತ್ತದೆ. ಇಷ್ಟೆಲ್ಲ ಸೇರಿ ಸಿಆರ್‌ಪಿಯನ್ನು 5, 8, 15 ಮಿಲಿಗ್ರಾಂ ಪ್ರತಿ ಲೀಟರ್‌ವರೆಗೆ ಒಯ್ಯಬಹುದು. ಆದರೆ ಕಿಡ್ನಿ ಸೋತ ಮಾತ್ರಕ್ಕೆ ಯಾರ ಸಿಆರ್‌ಪಿಯೂ 150 ಆಗುವುದಿಲ್ಲ. 60 ಆದರೂ ಅದಕ್ಕೊಂದು ಬೇರೆ ಕಾರಣ ಇರಲೇಬೇಕು. ಸೋಂಕೇ ಆಗಬೇಕೆಂದಿಲ್ಲ. ಕಿಡ್ನಿ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಗೌಟ್ ಒಂದೇ ಕೀಲಿನಲ್ಲಿ ಕೆರಳಿದರೂ ಸಿಆರ್‌ಪಿ ನೂರು ದಾಟಬಹುದು. ಮೊನ್ನೆ ಮಾಡಿದ ಫಿಸ್ಟುಲಾ ಶಸ್ತ್ರಚಿಕಿತ್ಸೆಯೂ ಕೆಲ ದಿನ ಏರಿಸುತ್ತದೆ. ಕಾರಣ ಇದೆ, ಹುಡುಕಬೇಕು ಎಂಬುದಷ್ಟೇ ಇಲ್ಲಿನ ಮಾತು.

ಹುಡುಕುವುದು ಎಲ್ಲಿ? ಇಲ್ಲಿ ನಿಮ್ಮ ಕಣ್ಣು ಮತ್ತು ಕೈ ಯಾವ ಲ್ಯಾಬಿಗಿಂತಲೂ ಮುಂದೆ. ಡಯಾಲಿಸಿಸ್ ರೋಗಿಯನ್ನು ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ನೋಡುವವರು ನೀವು; ಇಷ್ಟು ಹತ್ತಿರದ ಒಡನಾಟ ವೈದ್ಯಕೀಯದಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಡ್ರೆಸ್ಸಿಂಗ್ ಬಿಚ್ಚಿದಾಗ ಕ್ಯಾಥೆಟರ್ ಹೊರಬರುವ ಜಾಗ ಕೆಂಪಗಿದೆಯೇ, ಒತ್ತಿದರೆ ನೋವಿದೆಯೇ, ಕೀವು ಒಸರುತ್ತಿದೆಯೇ? ಡಯಾಲಿಸಿಸ್ ಶುರುವಾಗಿ ಅರ್ಧ ಗಂಟೆಯೊಳಗೆ ರೋಗಿ "ಚಳಿ ಆಗ್ತಿದೆ ಸಿಸ್ಟರ್, ಕಂಬಳಿ ಕೊಡಿ" ಎನ್ನುತ್ತಿದ್ದಾರೆಯೇ? ಮನೆಯಲ್ಲಿ ಚೆನ್ನಾಗಿದ್ದು ಮೆಷಿನ್ನಿಗೆ ಹಾಕಿದ ಮೇಲೆಯೇ ನಡುಕ ಬಂದರೆ ಕ್ಯಾಥೆಟರಿನೊಳಗಿನ ಸೋಂಕು ಎಂದೇ ಮೊದಲು ಯೋಚಿಸಬೇಕು. ಜ್ವರಕ್ಕಾಗಿ ಕಾಯುವ ಹಾಗಿಲ್ಲ. ಕಿಡ್ನಿ ಸೋತವರ ಮೈ ಬಿಸಿ ಸಾಮಾನ್ಯಕ್ಕಿಂತ ಕೆಳಗೇ ಇರುವುದುಂಟು; ಸದಾ 97 ಡಿಗ್ರಿ ಇರುವವರಿಗೆ 99.5 ಬಂದರೆ ಅದನ್ನು ಜ್ವರವೆಂದೇ ಬರೆದುಕೊಳ್ಳಬೇಕು. ಆಂಟಿಬಯೋಟಿಕ್‌ನ ಮೊದಲ ಡೋಸಿಗೆ ಮುಂಚೆ ಬ್ಲಡ್ ಕಲ್ಚರ್ ತೆಗೆಯಬೇಕು. ನಿಮ್ಮಲ್ಲಿ ಕಲ್ಚರ್ ಸೌಲಭ್ಯ ಇಲ್ಲದಿದ್ದರೆ ಬಾಟಲಿಯನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆಯನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ನಡುಕ ಬಂದ ರಾತ್ರಿ ಫೋನ್ ನಂಬರ್ ಹುಡುಕುವ ಪರಿಸ್ಥಿತಿ ಬರಬಾರದು.

ಒಬ್ಬರಿಗಲ್ಲ, ಒಂದೇ ಶಿಫ್ಟಿನಲ್ಲಿ ಮೂವರಿಗೆ ಚಳಿ ಬಂದರೆ? ಆಗ ಅನುಮಾನ ನೀರಿನ ಮೇಲೆ, ಮರುಬಳಕೆಗೆ ತೊಳೆದಿಟ್ಟ ಡಯಾಲೈಸರುಗಳ ಮೇಲೆ. ಒಂದು ನಾಲ್ಕು ಗಂಟೆಯ ಡಯಾಲಿಸಿಸ್‌ನಲ್ಲಿ ಸುಮಾರು 120 ಲೀಟರ್ ದ್ರಾವಣ ರೋಗಿಯ ರಕ್ತದ ಪಕ್ಕದಲ್ಲೇ ಹರಿದುಹೋಗುತ್ತದೆ, ನಡುವೆ ಇರುವುದು ತೆಳ್ಳನೆಯ ಪೊರೆ ಮಾತ್ರ. ಆರ್‌ಓ ಘಟಕದ ಕೊಳವೆಗಳಲ್ಲಿ ಬ್ಯಾಕ್ಟೀರಿಯಾ ಪಾಚಿಗಟ್ಟಿದರೆ ಅದರ ವಿಷದ ಚೂರುಗಳು ಆ ಪೊರೆಯನ್ನು ದಾಟುತ್ತವೆ. ಚಳಿ ಬರಿಸುವಷ್ಟು ಇಲ್ಲದಿದ್ದರೂ, ತಿಂಗಳುಗಟ್ಟಲೆ ಸಿಆರ್‌ಪಿಯನ್ನು ಸ್ವಲ್ಪ ಸ್ವಲ್ಪವೇ ಎತ್ತಿ ಹಿಡಿಯಲು ಅದು ಸಾಕು. ದ್ರಾವಣವನ್ನು ಅತಿಶುದ್ಧಗೊಳಿಸಿದಾಗ ರೋಗಿಗಳ ಸಿಆರ್‌ಪಿ ಇಳಿದದ್ದನ್ನು ಹಲವು ಅಧ್ಯಯನಗಳು ತೋರಿಸಿವೆ. ಹಾಗಾಗಿ ಇಡೀ ಘಟಕದ ರೋಗಿಗಳ ಸಿಆರ್‌ಪಿ ಒಟ್ಟಾಗಿ ಮೇಲೇರಿದ್ದರೆ ಅದು ರೋಗಿಗಳ ಪರೀಕ್ಷೆಯಷ್ಟೇ ಅಲ್ಲ, ಘಟಕದ ನೀರಿನ ಪರೀಕ್ಷೆಯೂ ಹೌದು. ಇದನ್ನು ಮೊದಲು ಗುರುತಿಸಬಲ್ಲವರು ಟೆಕ್ನಿಷಿಯನ್ನರು.

ಇನ್ನು ಕೆಲವು ಜಾಗಗಳು ಯಾರ ಕಣ್ಣಿಗೂ ಬೀಳದೆ ಉಳಿಯುತ್ತವೆ. ವರ್ಷಗಳ ಹಿಂದೆ ಕಟ್ಟಿಕೊಂಡು ಕೈಬಿಟ್ಟ ಕೃತಕ ಗ್ರಾಫ್ಟ್ ತೋಳಿನೊಳಗೆ ಸದ್ದಿಲ್ಲದೆ ಸೋಂಕಿನ ಗೂಡಾಗಿರುತ್ತದೆ. ಮೇಲೆ ಕೆಂಪೂ ಇಲ್ಲ, ನೋವೂ ಇಲ್ಲ. ಕಸಿ ಮಾಡಿದ ಕಿಡ್ನಿ ವಿಫಲವಾಗಿ ರೋಗಿ ಮತ್ತೆ ಡಯಾಲಿಸಿಸ್‌ಗೆ ಬಂದಿದ್ದರೆ, ಹೊಟ್ಟೆಯಲ್ಲೇ ಉಳಿದ ಆ ಹಳೆಯ ಕಿಡ್ನಿಯ ವಿರುದ್ಧ ದೇಹ ಹೋರಾಡುತ್ತಲೇ ಇರಬಹುದು. ಸ್ಪೇನಿನ ವೈದ್ಯರು 2004ರಲ್ಲಿ ಇಂಥ ರೋಗಿಗಳನ್ನು ಗಮನಿಸಿದಾಗ, ವಿಫಲ ಕಿಡ್ನಿಯನ್ನು ತೆಗೆದ ಮೇಲೆ ಸಿಆರ್‌ಪಿ ಇಳಿದು ರಕ್ತಹೀನತೆಯೂ ಸುಧಾರಿಸಿತ್ತು. ಹಲ್ಲಿನ ವಸಡು ಮತ್ತೊಂದು. ಡಯಾಲಿಸಿಸ್ ರೋಗಿಯ ಬಾಯಿ ತೆರೆಸಿ ನೋಡುವವರು ತೀರ ಕಡಿಮೆ. ಸಕ್ಕರೆ ಕಾಯಿಲೆಯವರ ಪಾದವನ್ನೂ ಅಷ್ಟೇ, ಕಾಲುಚೀಲ ಬಿಚ್ಚಿಸಿ, ಬೆರಳುಗಳ ಸಂದಿನವರೆಗೆ ನೋಡಬೇಕು.

ನಮ್ಮಲ್ಲಂತೂ ಕ್ಷಯವನ್ನು ಮರೆಯುವ ಹಾಗೇ ಇಲ್ಲ. ಡಯಾಲಿಸಿಸ್ ರೋಗಿಗಳಿಗೆ ಕ್ಷಯ ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು, ಮತ್ತು ಅದು ಶ್ವಾಸಕೋಶ ಬಿಟ್ಟು ಗಂಟುಗಳಲ್ಲಿ, ಹೊಟ್ಟೆಯ ಪೊರೆಯಲ್ಲಿ, ಬೆನ್ನುಮೂಳೆಯಲ್ಲಿ ಅಡಗುವುದೇ ಜಾಸ್ತಿ. ಕೆಮ್ಮಿಲ್ಲ, ಕಫವಿಲ್ಲ. ಇರುವುದು ಇಳಿಯುತ್ತಿರುವ ಒಣ ತೂಕ, ಸೇರದ ಊಟ, ತಿಂಗಳಿಂದ 30–40ರಲ್ಲಿ ನಿಂತ ಸಿಆರ್‌ಪಿ. ಇದನ್ನು "ಕಿಡ್ನಿ ಕಾಯಿಲೆಯ ಸುಸ್ತು" ಎಂದು ಬರೆದು ಮುಗಿಸಿದರೆ ರೋಗಿ ಕೈತಪ್ಪಿಹೋಗುತ್ತಾರೆ. ಹಾಗೆಂದು ಬರೀ ಅನುಮಾನದ ಮೇಲೆ ಮಾತ್ರೆ ಶುರುಮಾಡುವುದೂ ಸುರಕ್ಷಿತವಲ್ಲ. ಎಥಾಂಬ್ಯುಟಾಲ್ ಕಿಡ್ನಿಯಿಂದಲೇ ಹೊರಹೋಗಬೇಕಾದ ಔಷಧ. ಕೊಡುವ ದಿನಗಳನ್ನು ಬದಲಿಸದಿದ್ದರೆ ಕಣ್ಣಿನ ನರಕ್ಕೆ ಪೆಟ್ಟು. ಗಂಟಿನಿಂದ, ನೀರಿನಿಂದ ಮಾದರಿ ತೆಗೆದು ಪರೀಕ್ಷಿಸುವುದೇ ದಾರಿ.

ಈಗ ಪ್ರೊಕ್ಯಾಲ್ಸಿಟೋನಿನ್. ಇದು ಸಿಆರ್‌ಪಿಗಿಂತ ಹಲವು ಪಟ್ಟು ದುಬಾರಿ, ಹಾಗಾಗಿ ಹೆಚ್ಚು ನಂಬಿಕಸ್ಥ ಎಂಬ ಭಾವನೆಯೂ ಬೆಳೆದಿದೆ. 1993ರಲ್ಲಿ ಫ್ರೆಂಚ್ ಸಂಶೋಧಕರು, ತೀವ್ರ ಬ್ಯಾಕ್ಟೀರಿಯಾ ಸೋಂಕಿನ ಮಕ್ಕಳಲ್ಲಿ ಇದು ವಿಪರೀತ ಏರಿ, ವೈರಸ್ ಸೋಂಕಿನಲ್ಲಿ ಅಷ್ಟಾಗಿ ಏರುವುದಿಲ್ಲ ಎಂದು ತೋರಿಸಿದರು. ಅಲ್ಲಿಂದ ಇದು ಜಗತ್ತಿನಾದ್ಯಂತ ಐಸಿಯುಗಳನ್ನು ಹೊಕ್ಕಿತು. ಆದರೆ ಸಿಆರ್‌ಪಿಗೆ ಹೇಳಿದ ಮಾತು ಇದಕ್ಕೆ ಅನ್ವಯಿಸುವುದಿಲ್ಲ. ಇದರ ತೂಕ ಸುಮಾರು 13,000 ಡಾಲ್ಟನ್ ಮಾತ್ರ. ಹೊರಹೋಗುವ ದಾರಿಗಳಲ್ಲಿ ಕಿಡ್ನಿಯೂ ಒಂದು. ಕಿಡ್ನಿ ಚೆನ್ನಾಗಿದ್ದವರಲ್ಲಿ ಇದರ ಅರ್ಧಾಯುಷ್ಯ ಸುಮಾರು ಒಂದು ದಿನ, ಕಿಡ್ನಿ ತೀರ ಸೋತವರಲ್ಲಿ 30 ಗಂಟೆ ಮೀರಬಹುದು. ಯಾವ ಸೋಂಕೂ ಇಲ್ಲದ ಡಯಾಲಿಸಿಸ್ ರೋಗಿಯಲ್ಲಿ 0.5, ಕೆಲವರಲ್ಲಿ 1 ನ್ಯಾನೊಗ್ರಾಂ ಪ್ರತಿ ಮಿಲಿಲೀಟರ್ ದಾಟಿ ಇರುವುದುಂಟು. ಲ್ಯಾಬಿನ ಕಾಗದದಲ್ಲಿ 0.5ರ ಮೇಲೆ "ಸೋಂಕಿನ ಸಾಧ್ಯತೆ" ಎಂದು ಅಚ್ಚಾಗಿರುತ್ತದೆ. ಆ ಗೆರೆಯನ್ನು ಎಳೆದದ್ದು ಕಿಡ್ನಿ ಚೆನ್ನಾಗಿರುವವರಿಗೆ.

ಇನ್ನೊಂದು ತೊಡಕು ನಿಮ್ಮ ಮೆಷಿನ್ನಿನಲ್ಲೇ ಇದೆ. ಹೈ-ಫ್ಲಕ್ಸ್ ಡಯಾಲೈಸರ್ ತನ್ನ ದೊಡ್ಡ ರಂಧ್ರಗಳಿಂದ ಪ್ರೊಕ್ಯಾಲ್ಸಿಟೋನಿನ್ ಅನ್ನೂ ಒಂದಿಷ್ಟು ತೆಗೆದುಬಿಡುತ್ತದೆ. ಲೋ-ಫ್ಲಕ್ಸ್ ಹೆಚ್ಚೇನೂ ತೆಗೆಯುವುದಿಲ್ಲ. ನಿನ್ನೆ ಡಯಾಲಿಸಿಸ್‌ಗೆ ಮೊದಲು 6 ಇದ್ದದ್ದು ಮುಗಿದ ಮೇಲೆ 4 ಆಗಿದ್ದರೆ, ಔಷಧ ಕೆಲಸ ಮಾಡಿತೆಂದು ಸಂತೋಷಪಡಲು ಅದು ಸಾಕಾಗದು. ಸಿಆರ್‌ಪಿಯಲ್ಲಿ ಇದಕ್ಕೆ ತಿರುಗುಮುರುಗಾದ ತೊಂದರೆ: ಎರಡು ಮೂರು ಲೀಟರ್ ನೀರು ತೆಗೆದಾಗ ರಕ್ತ ಗಟ್ಟಿಯಾಗಿ, ದೊಡ್ಡ ಅಣುವಾದ ಸಿಆರ್‌ಪಿ ಒಂದಿಷ್ಟು ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಎಲ್ಲ ಮಾದರಿಗಳನ್ನೂ ಡಯಾಲಿಸಿಸ್ ಶುರುವಾಗುವ ಮುನ್ನ, ಹೆಪಾರಿನ್ ಕೊಡುವ ಮುನ್ನ ತೆಗೆದು, ಹಾಗೆಂದು ಚೀಟಿಯ ಮೇಲೆ ಬರೆಯುವ ರೂಢಿ ಬೇಕು.

ಇಷ್ಟಾದರೂ ಪ್ರೊಕ್ಯಾಲ್ಸಿಟೋನಿನ್ ನಿರುಪಯೋಗಿ ಅಲ್ಲ. ಡಯಾಲಿಸಿಸ್ ರೋಗಿಯಲ್ಲಿ ಅದು 15 ಅಥವಾ 20 ಇದ್ದರೆ ಕಿಡ್ನಿಯ ಮೇಲೆ ಹೊರಿಸುವ ಹಾಗಿಲ್ಲ. ರಕ್ತದಲ್ಲಿ ಸೋಂಕಿದೆ ಎಂದೇ ಓಡಬೇಕು. ಕಡಿಮೆ ಇದ್ದಾಗ ಮಾತ್ರ ಅದು ಕೊಡುವ ಧೈರ್ಯ ಅಷ್ಟು ಗಟ್ಟಿಯಲ್ಲ. ಪಾದದ ಹುಣ್ಣು, ಒಂದೆಡೆ ಕಟ್ಟಿಕೊಂಡ ಕೀವು, ಕ್ಷಯ, ಇವು ಪ್ರೊಕ್ಯಾಲ್ಸಿಟೋನಿನ್ ಅನ್ನು ಹೆಚ್ಚು ಏರಿಸದೆಯೇ ಬೆಳೆಯುತ್ತವೆ. ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುವವರು ಕಲಕಿದ ಬಣ್ಣದ ಚೀಲ ಹಿಡಿದು ಬಂದರೆ ರಕ್ತಪರೀಕ್ಷೆಯ ವರದಿಗೆ ಕಾಯಬೇಕಾದ್ದಿಲ್ಲ. ಚೀಲದ ದ್ರವದಲ್ಲಿ ಪ್ರತಿ ಮೈಕ್ರೊಲೀಟರಿಗೆ ನೂರಕ್ಕಿಂತ ಹೆಚ್ಚು ಬಿಳಿ ರಕ್ತಕಣಗಳಿದ್ದು ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ನ್ಯೂಟ್ರೊಫಿಲ್‌ಗಳಾದರೆ ಅದು ಪೆರಿಟೊನೈಟಿಸ್. ಕಲ್ಚರಿಗೆ ಕಳಿಸಿ ಚಿಕಿತ್ಸೆ ಶುರುಮಾಡಬೇಕು.

ಇಎಸ್‌ಆರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶತಮಾನದ ಹಿಂದೆ ಸ್ವೀಡನ್ನಿನ ಫಾರೇಯಸ್ ಮತ್ತು ವೆಸ್ಟರ್ಗ್ರೆನ್ ರೂಪಿಸಿದ ಈ ಅಗ್ಗದ ಪರೀಕ್ಷೆ, ಕೆಂಪು ರಕ್ತಕಣಗಳು ಒಂದು ಗಂಟೆಯಲ್ಲಿ ಎಷ್ಟು ಕೆಳಗಿಳಿಯುತ್ತವೆ ಎಂದು ಅಳೆಯುತ್ತದೆ. ರಕ್ತಹೀನತೆ ಇದ್ದರೆ ಬೇಗ ಇಳಿಯುತ್ತವೆ, ಫೈಬ್ರಿನೊಜೆನ್ ಹೆಚ್ಚಿದ್ದರೆ ಬೇಗ ಇಳಿಯುತ್ತವೆ, ಆಲ್ಬುಮಿನ್ ಕಡಿಮೆಯಿದ್ದರೂ ಬೇಗ ಇಳಿಯುತ್ತವೆ. ಕಿಡ್ನಿ ರೋಗಿಯಲ್ಲಿ ಈ ಮೂರೂ ಒಟ್ಟಿಗೆ ಇರುತ್ತವೆ. ನೆಫ್ರೋಟಿಕ್ ರೋಗಿಗಳಲ್ಲಿ, ಡಯಾಲಿಸಿಸ್ ರೋಗಿಗಳಲ್ಲಿ ಇಎಸ್‌ಆರ್ 60 ದಾಟುವುದು ಸಾಮಾನ್ಯ, ಬೇರೆ ಕಾರಣವಿಲ್ಲದೆ 100 ದಾಟುವುದೂ ಉಂಟು. ಇದನ್ನು ಸೋಂಕಿನ ಸುಳಿವಾಗಿ ಓದಲು ಸಾಧ್ಯವೇ ಇಲ್ಲ ಎಂದರೂ ಸರಿಯೇ. ಬೇಸರದ ವಿಷಯವೆಂದರೆ, ಇದೇ ಸಂಖ್ಯೆ ಹಿಡಿದು "ವಾತ ಇದೆ" ಎಂದು ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆ ಬರೆಸಿಕೊಂಡು ಬರುವವರಿದ್ದಾರೆ. ಕ್ರಿಯಾಟಿನಿನ್ 2ರಲ್ಲಿ ನಿಂತಿದ್ದವರನ್ನು ಡಯಾಲಿಸಿಸ್ ಕುರ್ಚಿಗೆ ತಂದು ಕೂರಿಸಲು ಆ ಮಾತ್ರೆಗಳು ಸಾಕು.

ಒಂದು ಎಚ್ಚರಿಕೆ ಮಾತ್ರ ಇಲ್ಲಿ ಬಿಡಬಾರದು. ಅರವತ್ತು ದಾಟಿದವರಲ್ಲಿ ಮೂಳೆನೋವು, ಕಿಡ್ನಿಯ ಸ್ಥಿತಿಗೆ ಮೀರಿದ ರಕ್ತಹೀನತೆ, ಜೊತೆಗೆ ಇಎಸ್‌ಆರ್ 120 ಇದ್ದರೆ ಕಿಡ್ನಿ ಕೆಟ್ಟದ್ದೇ ಮೈಲೋಮಾದಿಂದ ಇರಬಹುದು. ಅಲ್ಲಿ ಕೇಳಬೇಕಾದ ಪರೀಕ್ಷೆ ಪ್ರೊಟೀನ್ ಎಲೆಕ್ಟ್ರೊಫೊರೆಸಿಸ್. ವಾರಗಳಲ್ಲೇ ಕ್ರಿಯಾಟಿನಿನ್ ಏರುತ್ತಾ, ಮೂತ್ರದಲ್ಲಿ ರಕ್ತ ಕಾಣಿಸಿ, ಸಿಆರ್‌ಪಿಯೂ ಏರಿದ್ದರೆ ರಕ್ತನಾಳಗಳ ಉರಿಯೂತ, ಅಂದರೆ ವ್ಯಾಸ್ಕುಲೈಟಿಸ್ ಇರಬಹುದು. ಇಂಥ ಕಡೆ ಉರಿಯೂತ ಕಿಡ್ನಿ ಕಾಯಿಲೆಯ ಫಲವಲ್ಲ, ಅದರ ಮೂಲ. ಬೇಗ ಗುರುತಿಸಿದರೆ ಕಿಡ್ನಿಯನ್ನು ಉಳಿಸಿಕೊಳ್ಳಲೂಬಹುದು. ಮಳೆಗಾಲದಲ್ಲಿ ಕರಾವಳಿಯಿಂದ, ಮಲೆನಾಡಿನಿಂದ ಜ್ವರ, ಮೈಕೈನೋವು, ಹಳದಿ ಕಣ್ಣು ಹೊತ್ತು ಬರುವವರಲ್ಲೂ ಲೆಕ್ಕ ಇದೇ. ಇಲಿಜ್ವರದಲ್ಲಿ ಕ್ರಿಯಾಟಿನಿನ್ 5 ಆಗಿ ಸಿಆರ್‌ಪಿ 200 ಆದರೆ, ಎರಡನ್ನೂ ಏರಿಸಿದ್ದು ಒಂದೇ ರೋಗಾಣು. ಲೂಪಸ್ ಮಾತ್ರ ಬೇರೆಯೇ ದಾರಿಯದು: ಕಿಡ್ನಿಯಲ್ಲಿ ಲೂಪಸ್ ಕೆರಳಿದಾಗಲೂ ಇಎಸ್‌ಆರ್ ಏರಿ ಸಿಆರ್‌ಪಿ ಹೆಚ್ಚು ಏರದೆ ಉಳಿಯುವುದು ಸಾಮಾನ್ಯ. ಅವರಲ್ಲಿ ಸಿಆರ್‌ಪಿ ಒಮ್ಮೆಗೇ ಜಿಗಿದರೆ ಸ್ಟೆರಾಯ್ಡ್ ಹೆಚ್ಚಿಸುವ ಮೊದಲು ಸೋಂಕನ್ನು ಹುಡುಕಬೇಕು.

ಕೋವಿಡ್ ದಿನಗಳಲ್ಲಿ ಸಿಆರ್‌ಪಿ, ಫೆರಿಟಿನ್, ಡಿ-ಡೈಮರ್ ಎಂಬ ಹೆಸರುಗಳು ಮನೆಮನೆಯ ಮಾತಾದವು. ಕಿಡ್ನಿ ರೋಗಿಗಳ ಮನೆಯವರು ವಾಟ್ಸಾಪಿನಲ್ಲಿ ಬಂದ ವರದಿ ನೋಡಿ ಹೌಹಾರಿದ್ದುಂಟು. ಡಿ-ಡೈಮರ್ ಕಿಡ್ನಿಯ ಶಕ್ತಿ ಇಳಿದಂತೆ ತಾನಾಗಿ ಏರುತ್ತದೆ. ಫೆರಿಟಿನ್ ಕಬ್ಬಿಣದ ದಾಸ್ತಾನನ್ನು ಮಾತ್ರವಲ್ಲ, ಉರಿಯೂತವನ್ನೂ ತೋರಿಸುತ್ತದೆ. ಡಯಾಲಿಸಿಸ್ ರೋಗಿಯಲ್ಲಿ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಆ ದಿನಗಳು ಮುಗಿದವು. ಫೆರಿಟಿನ್ ಓದುವ ತಪ್ಪು ಮಾತ್ರ ತಿಂಗಳ ರಕ್ತಪರೀಕ್ಷೆಯಲ್ಲಿ ಇನ್ನೂ ನಡೆದೇ ಇದೆ.

ಹಿಮೊಗ್ಲೋಬಿನ್ 8, ಫೆರಿಟಿನ್ 800 ಇರುವ ರೋಗಿಯನ್ನು ತೆಗೆದುಕೊಳ್ಳಿ. "ಕಬ್ಬಿಣ ಬೇಕಾದಷ್ಟಿದೆ, ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಹೆಚ್ಚಿಸೋಣ" ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಆದರೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ನೋಡಿದರೆ ಅದು ಶೇಕಡಾ 15. ಕಬ್ಬಿಣ ದೇಹದಲ್ಲಿದೆ, ಮೂಳೆಮಜ್ಜೆಗೆ ತಲುಪುತ್ತಿಲ್ಲ. ಉರಿಯೂತ ಇರುವಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ, ಅದು ಕಬ್ಬಿಣವನ್ನು ಜೀವಕೋಶಗಳೊಳಗೇ ಬಂಧಿಸಿಡುತ್ತದೆ. ಕಿಡ್ನಿಯಿಂದ ಹೊರಹೋಗಬೇಕಾದ ಹೆಪ್ಸಿಡಿನ್ ಕಿಡ್ನಿ ಸೋತವರಲ್ಲಿ ಇನ್ನಷ್ಟು ಉಳಿಯುತ್ತದೆ. 2007ರಲ್ಲಿ ಅಮೆರಿಕದ ಡ್ರೈವ್ ಅಧ್ಯಯನ ಫೆರಿಟಿನ್ 500ರಿಂದ 1,200, ಸ್ಯಾಚುರೇಶನ್ ಶೇಕಡಾ 25 ಅಥವಾ ಕಡಿಮೆ ಇದ್ದ ರೋಗಿಗಳನ್ನೇ ಆರಿಸಿಕೊಂಡು ರಕ್ತನಾಳದ ಮೂಲಕ ಒಂದು ಗ್ರಾಂ ಕಬ್ಬಿಣ ಕೊಟ್ಟಿತು. ಅವರ ಹಿಮೊಗ್ಲೋಬಿನ್ ಉಳಿದವರಿಗಿಂತ ಹೆಚ್ಚು ಏರಿತು. ಇತ್ತ ಎರಿಥ್ರೊಪೊಯೆಟಿನ್ ಬಗೆಯ ಔಷಧಗಳನ್ನು ಹಿಗ್ಗಾಮುಗ್ಗಾ ಹೆಚ್ಚಿಸುವುದರ ಅಪಾಯವನ್ನು 2009ರ ಟ್ರೀಟ್ ಅಧ್ಯಯನ ತೋರಿಸಿಕೊಟ್ಟಿತ್ತು. ಇನ್ನೂ ಡಯಾಲಿಸಿಸ್ ಹಂತಕ್ಕೆ ಬಾರದ ಸಕ್ಕರೆ ಕಾಯಿಲೆಯ ಕಿಡ್ನಿ ರೋಗಿಗಳಲ್ಲಿ ಹಿಮೊಗ್ಲೋಬಿನ್ ಅನ್ನು 13ಕ್ಕೆ ಏರಿಸಲು ಹೋದಾಗ ಪಾರ್ಶ್ವವಾಯು ಸುಮಾರು ಎರಡು ಪಟ್ಟಾಗಿತ್ತು. ಇಂಜೆಕ್ಷನ್ ಪ್ರಮಾಣ ಏರುತ್ತಲೇ ಇದ್ದು ಹಿಮೊಗ್ಲೋಬಿನ್ ಕದಲದಿದ್ದರೆ, ಹೊಸ ಚೀಟಿ ಬರೆಯುವ ಮೊದಲು ಸಿಆರ್‌ಪಿ ನೋಡಿ, ಕ್ಯಾಥೆಟರ್ ನೋಡಿ. ಸೋಂಕು ಉರಿಯುತ್ತಿರುವಾಗ ಕಬ್ಬಿಣದ ಡ್ರಿಪ್ ಹಾಕುವುದನ್ನು ಮುಂದೂಡಿ.

ಆಲ್ಬುಮಿನ್ ಕಥೆಯೂ ಹೀಗೇ, ಆದರೆ ಅದರಲ್ಲಿ ಮನೆಯವರ ಕಣ್ಣೀರು ಸೇರಿಕೊಂಡಿರುತ್ತದೆ. ಆಲ್ಬುಮಿನ್ 2.8 ಬಂತೆಂದರೆ "ಸರಿಯಾಗಿ ತಿನ್ನುತ್ತಿಲ್ಲ" ಎಂಬ ಆಪಾದನೆ ರೋಗಿಯ ಮೇಲೆ, ಇಲ್ಲವೇ ಅಡುಗೆ ಮಾಡಿ ಹಾಕುವ ಹೆಂಡತಿಯ ಮೇಲೆ, ಸೊಸೆಯ ಮೇಲೆ. ಮೊಟ್ಟೆಯ ಬಿಳಿಭಾಗ, ದುಬಾರಿ ಪ್ರೊಟೀನ್ ಪುಡಿ ಎಲ್ಲ ಶುರುವಾಗುತ್ತದೆ. ಉರಿಯೂತ ಇದ್ದಾಗ ಯಕೃತ್ತು ಸಿಆರ್‌ಪಿಯನ್ನು ಹೆಚ್ಚಿಸಿದಂತೆಯೇ ಆಲ್ಬುಮಿನ್ ತಯಾರಿಕೆಯನ್ನು ತಗ್ಗಿಸುತ್ತದೆ. ಅಪೌಷ್ಟಿಕತೆ, ಉರಿಯೂತ, ರಕ್ತನಾಳಗಳ ಪೆಡಸುತನ ಈ ಮೂರೂ ಒಂದನ್ನೊಂದು ಎಳೆದುಕೊಂಡು ಬರುತ್ತವೆಂದು ಸ್ಟಾಕ್‌ಹೋಮಿನ ಪೀಟರ್ ಸ್ಟೆನ್ವಿಂಕೆಲ್ ಮತ್ತು ಸಂಗಡಿಗರು 1999ರಲ್ಲೇ ತೋರಿಸಿದ್ದಾರೆ. ಊಟ ಮುಖ್ಯವಲ್ಲ ಎಂದಲ್ಲ. ಸಿಆರ್‌ಪಿ 45 ಇರುವವರೆಗೆ ಬರೀ ಮೊಟ್ಟೆಯಿಂದ ಆಲ್ಬುಮಿನ್ ಮೇಲೇಳುವುದು ಕಷ್ಟ. ಅದನ್ನು ಮನೆಯವರಿಗೆ ಬಿಡಿಸಿ ಹೇಳಿದರೆ ಅವರ ತಲೆಯ ಮೇಲಿನ ದೊಡ್ಡ ಭಾರ ಇಳಿಯುತ್ತದೆ.

ಸಿಆರ್‌ಪಿ ಸುಳ್ಳಾಗಿ ಕಡಿಮೆ ತೋರುವ ಸಂದರ್ಭಗಳೂ ಇವೆ. ಹೆಪಟೈಟಿಸ್ ಸಿ ಅಥವಾ ಕುಡಿತದಿಂದ ಯಕೃತ್ತು ಸಿರೋಸಿಸ್‌ಗೆ ತಿರುಗಿದವರಲ್ಲಿ ತಯಾರಿಸುವ ಕಾರ್ಖಾನೆಯೇ ಅರ್ಧ ಮುಚ್ಚಿರುತ್ತದೆ. ಟೊಸಿಲಿಜುಮ್ಯಾಬ್ ಎಂಬ ಔಷಧ ಪಡೆದವರಲ್ಲಿ ಇಂಟರ್‌ಲ್ಯೂಕಿನ್-6ರ ಆಜ್ಞೆ ಯಕೃತ್ತಿಗೆ ತಲುಪುವುದೇ ಇಲ್ಲ. ಸೋಂಕು ಉಲ್ಬಣಿಸಿದರೂ ಸಿಆರ್‌ಪಿ ಸುಮ್ಮನಿರಬಹುದು.

ಇನ್ನು ಲ್ಯಾಬಿನವರಲ್ಲಿ ಒಂದು ಕೋರಿಕೆ. ಕೆಲವು ಲ್ಯಾಬುಗಳು ಸಿಆರ್‌ಪಿಯನ್ನು ಪ್ರತಿ ಲೀಟರಿಗೆ ಮಿಲಿಗ್ರಾಂಗಳಲ್ಲಿ ಕೊಡುತ್ತವೆ, ಕೆಲವು ಪ್ರತಿ ಡೆಸಿಲೀಟರಿಗೆ. ಒಂದರ 4.8 ಇನ್ನೊಂದರ 48. ಊರಿನ ಲ್ಯಾಬಿನ ವರದಿಯನ್ನು ಜಿಲ್ಲಾ ಕೇಂದ್ರದ ವರದಿಯ ಪಕ್ಕದಲ್ಲಿಟ್ಟಾಗ ಹತ್ತು ಪಟ್ಟು ಇಳಿದಂತೆಯೋ ಏರಿದಂತೆಯೋ ಕಾಣುತ್ತದೆ. ಮಾನವನ್ನು ಸಂಖ್ಯೆಯಷ್ಟೇ ದಪ್ಪಕ್ಷರದಲ್ಲಿ ಅಚ್ಚು ಹಾಕಿ. ಫೋನಿನಲ್ಲಿ ವರದಿ ಓದುವಾಗಲೂ ಮಾನ ಸೇರಿಸಿಯೇ ಓದಿ.

ಸಂಶೋಧನೆಯ ದಿಕ್ಕಿನಿಂದ ಒಂದು ಭರವಸೆಯ ಸುದ್ದಿಯಿದೆ. ಇಂಟರ್‌ಲ್ಯೂಕಿನ್-6 ಅನ್ನೇ ತಡೆಯುವ ಜಿಲ್ಟಿವೆಕಿಮ್ಯಾಬ್ ಎಂಬ ಔಷಧವನ್ನು, ಡಯಾಲಿಸಿಸ್ ಹಂತಕ್ಕೆ ಬಾರದ, ಸಿಆರ್‌ಪಿ 2 ಅಥವಾ ಹೆಚ್ಚಿದ್ದ 264 ಕಿಡ್ನಿ ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2021ರಲ್ಲಿ ಪ್ರಕಟವಾದ ಆ ರೆಸ್ಕ್ಯೂ ಅಧ್ಯಯನದಲ್ಲಿ ಅತಿ ಹೆಚ್ಚು ಪ್ರಮಾಣ ಪಡೆದವರ ಸಿಆರ್‌ಪಿ ಶೇಕಡಾ 90ಕ್ಕಿಂತ ಹೆಚ್ಚು ಇಳಿದಿತ್ತು. ಸಂಖ್ಯೆ ಇಳಿಸುವುದು ಬೇರೆ, ಹೃದಯಾಘಾತ ತಪ್ಪಿಸುವುದು ಬೇರೆ. ಆ ಎರಡನೆಯ ಪ್ರಶ್ನೆಗೆಂದೇ ಜೀಯಸ್ (ZEUS) ಎಂಬ ಬಹುದೊಡ್ಡ ಅಧ್ಯಯನವನ್ನು ಕೈಗೆತ್ತಿಕೊಳ್ಳಲಾಯಿತು. ಇಂಥ ಔಷಧ ತಾಲ್ಲೂಕು ಆಸ್ಪತ್ರೆಯ ಕಪಾಟಿಗೆ ಬರುವ ಮಾತು ಸದ್ಯಕ್ಕೆ ದೂರ.

ನಿಮ್ಮ ಕೈಯಲ್ಲಿ ಇಂದೇ ಆಗುವ ಕೆಲಸ ಇಷ್ಟು. ಪ್ರತಿ ರೋಗಿಗೂ, ಜ್ವರವಿಲ್ಲದೆ ಊಟ ಸೇರುತ್ತಿರುವ ದಿನಗಳಲ್ಲಿ, ಒಂದೆರಡು ತಿಂಗಳ ಅಂತರದಲ್ಲಿ ಎರಡು ಮೂರು ಸಲ ಸಿಆರ್‌ಪಿ ಮಾಡಿಸಿ. ಒಂದೇ ಸಲದ್ದನ್ನು ನಂಬುವ ಹಾಗಿಲ್ಲ. ಡಯಾಲಿಸಿಸ್ ರೋಗಿಗಳಲ್ಲಿ ಇದು ವಾರದಿಂದ ವಾರಕ್ಕೆ ಬಹಳ ಓಲಾಡುತ್ತದೆಂದು ಸ್ವೀಡನ್ನಿನವರೇ ವಾರವಾರ ಅಳೆದು ತೋರಿಸಿದ್ದಾರೆ. ಹಾಗೆ ಬಂದ ಸಂಖ್ಯೆಗಳನ್ನು ತಾರೀಖು ಮತ್ತು ಮಾನದ ಸಮೇತ ರೋಗಿಯ ಡಯಾಲಿಸಿಸ್ ಪುಸ್ತಕದ ಮೊದಲ ಪುಟದಲ್ಲಿ, ಒಣ ತೂಕದ ಕೆಳಗೆ ಬರೆದಿಡಿ. ಅದರ ಕೆಳಗೆ ಕ್ಯಾಥೆಟರ್ ಹಾಕಿದ ದಿನ, ಹಳೆಯ ಗ್ರಾಫ್ಟ್ ಇದ್ದರೆ ಯಾವ ಕೈಯಲ್ಲಿ, ಕಸಿ ಆಗಿತ್ತೇ, ಹೆಪಟೈಟಿಸ್ ಇದೆಯೇ, ಸದಾ ಇರುವ ಮೈ ಬಿಸಿ ಎಷ್ಟು ಎಂಬುದೂ ಇರಲಿ. ರೋಗಿ ಬೇರೆ ಊರಿನ ಆಸ್ಪತ್ರೆಗೆ ರಾತ್ರೋರಾತ್ರಿ ಹೋದರೆ ಆ ಪುಸ್ತಕವೂ ಜೊತೆಗೆ ಹೋಗಬೇಕು ಎಂದು ಮನೆಯವರಿಗೆ ಹೇಳಿಡಿ. ಸಿಆರ್‌ಪಿ 7 ಇರುತ್ತಿದ್ದವರಿಗೆ 38 ಬಂದಿದೆಯೋ, 30 ಇರುತ್ತಿದ್ದವರಿಗೆ 38 ಬಂದಿದೆಯೋ ಎಂಬುದು ಅಲ್ಲಿನ ಡ್ಯೂಟಿ ಡಾಕ್ಟರಿಗೆ ಬೇರೆ ಯಾವ ರೀತಿಯಲ್ಲೂ ತಿಳಿಯುವುದಿಲ್ಲ.